ಅಕ್ಕನಿಗೆ ಹೇಳಿಕೊಟ್ಟ ಅಕ್ಷರಗಳು

ಒಣಶುಂಠಿ ತೇಯ್ದ ವಾಸನೆ ಬಂದರೆ ಈಗಲೂ ನಿಜಾಮರ ಕಾಲದ ಸುರಪುರದ ಆ ಮಧ್ಯಾಹ್ನ ನೆನಪಾಗುತ್ತದೆ. ಒಂಬತ್ತು ವರ್ಷದ ಅಕ್ಕ ಒಂದು ತಿಂಗಳಿಂದ ಬೆಳಗಾದರೆ ತಲೆ ಹಿಡಿದುಕೊಂಡು ವಾಂತಿ ಮಾಡುತ್ತಿದ್ದಳು. ಕಲಿತದ್ದೆಲ್ಲ ಮರೆಯುತ್ತಿದ್ದಳು. ಯಾದಗಿರಿಯ ದವಾಖಾನೆಗೆ ಒಯ್ಯಲು ಅಪ್ಪ ಬಂಡಿ ಹೂಡಿದ್ದ.

ಅಜ್ಜಿ ಅವಳ ಹಣೆಗೆ ಶುಂಠಿ ಹಚ್ಚುತ್ತ, "ಸಾಲಿ ತಪ್ಪಸಾಕ ಸೋಗು ಹಾಕ್ಯಾಳ. ಉರ್ದು ಅಕ್ಷರ ಹೇಳಬೇ, ನೋಡೂಣು," ಅಂದಳು.

"ನೆನಪಾಗವಲ್ದು, ಆಯಿ," ಅಕ್ಕ ಅಳತೊಡಗಿದಳು.

ಆ ಅಕ್ಷರಗಳನ್ನು ನನಗೆ ಕಲಿಸಿದವಳೇ ಅವಳು. ಅಜ್ಜಿ ಮತ್ತೆ ಶುಂಠಿ ತೇಯಲು ತಿರುಗಿದಾಗ ನಾನು ಅಕ್ಕನ ಕಿವಿಯಲ್ಲಿ ಪಿಸುಗುಟ್ಟಿದೆ. ಅವಳು ಜೋರಾಗಿ ಹೇಳಿದಳು: "ಅಲಿಫ್, ಬೆ, ಪೆ..."

"ನೋಡಪಾ, ಎಲ್ಲಾ ಬರ್ತದ ಇಕಿಗಿ! ಎತ್ತು ಬಿಚ್ಚು," ಅಜ್ಜಿ ಅಪ್ಪನಿಗೆ ಕೂಗಿದಳು.

ಅಪ್ಪ ನಕ್ಕು ಎತ್ತು ಬಿಚ್ಚಿದ. ಅಕ್ಕ ಮುಂದಿನ ಅಕ್ಷರಕ್ಕಾಗಿ ಇನ್ನೂ ನನ್ನ ಕಡೆಗೇ ಕಿವಿಗೊಟ್ಟಿದ್ದಳು.