ಗೋಡೆ ಮೇಲಿನ ನೆರಳು

“ನಿಲ್ಸಿ! ಅಲ್ಲೇ ನಿಲ್ಸಿ!” ಎಂದು ಮುದುಕಿ ಮೇಜು ಗುದ್ದಿದಳು. ಪರದೆಯ ಮೇಲೆ ಓಡುತ್ತಿದ್ದ ಕಪ್ಪುಬಿಳುಪು ಸಿನಿಮಾ ಗಕ್ಕನೆ ನಿಂತಿತು.

ಛಾಯಾಗ್ರಹಣದ ರಾಷ್ಟ್ರಪ್ರಶಸ್ತಿಯ ಚರಿತ್ರೆ ಬರೆಯುತ್ತಿದ್ದ ಸಂಪಾದಕ ನಿಟ್ಟುಸಿರು ಬಿಟ್ಟ. “ಅಮ್ಮಾ, ನಾಳೆ ಪುಸ್ತಕ ಅಚ್ಚಿಗೆ ಹೋಗ್ಬೇಕು. ಈ ಸಿನಿಮಾಕ್ಕೆ ಬಂದ ಪ್ರಶಸ್ತಿ ನಿಮ್ಮಣ್ಣಂದು ಅಂತ ದಾಖಲೆಯಲ್ಲೇ ಇದೆ. ‘ಅವತ್ತು ಅವನಿಗೆ ಜ್ವರ ಇತ್ತು, ಕ್ಯಾಮೆರಾ ಹಿಡಿದೋಳು ನಾನು’ ಅಂತ ನೀವು ಬರೀ ಬಾಯಲ್ಲಿ ಹೇಳಿದ್ರಾಯ್ತಾ? ಸಾಕ್ಷಿ ಬೇಡ್ವಾ?”

ಅವಳು ಎದ್ದು ಪರದೆಯ ಹತ್ತಿರ ಹೋದಳು. ನಾಯಕಿಯ ಹಿಂದಿನ ಬಿಳಿ ಗೋಡೆಯ ಮೇಲೆ ಕ್ಯಾಮೆರಾ ಹಿಡಿದವರ ನೆರಳು ಬಿದ್ದಿತ್ತು. ಬಿಸಿಲು ಬೆನ್ನಿಗಿದೆ ಎಂಬುದನ್ನು ಮರೆತು ಮಾಡಿದ ತಪ್ಪು ಅದು. ಆ ತಪ್ಪಿಗೆ ಅಣ್ಣ ಬೈಯದ ಬೈಗುಳವಿಲ್ಲ. ತೀರ್ಪುಗಾರರು ಅದನ್ನೇ ಹೊಸ ಪ್ರಯೋಗವೆಂದು ಹೊಗಳಿದಾಗ ಮಾತ್ರ ಎದೆಯುಬ್ಬಿಸಿಕೊಂಡು ಹೋಗಿ ಪದಕ ಹಾಕಿಸಿಕೊಂಡು ಬಂದಿದ್ದ.

ಮುದುಕಿ ನೆರಳಿನ ಮೇಲೆ ಬೆರಳಿಟ್ಟು ನಿಧಾನವಾಗಿ ಕೆಳಗೆ ಎಳೆದಳು. ಕ್ಯಾಮೆರಾಕ್ಕೆ ಬಗ್ಗಿದ್ದ ಆ ತಲೆಯಿಂದ ಮಾರುದ್ದದ ಜಡೆಯೊಂದು ಜೋತುಬಿದ್ದಿತ್ತು.

“ಪುಸ್ತಕದಲ್ಲಿ ನಮ್ಮಣ್ಣ ಪದಕ ತಗೊಳ್ತಿರೋ ಫೋಟೋ ಹಾಕಿದೀರಲ್ಲ, ನೋಡಿ. ಮೂವತ್ತಕ್ಕೇ ಬೋಳುತಲೆ. ಈ ಜಡೆ ಯಾರ್ದು?”

ಸಂಪಾದಕ ಪುಸ್ತಕದ ಕರಡು ತೆರೆದು ಫೋಟೋ ನೋಡಿದ. ಮತ್ತೆ ಪರದೆಯ ಮೇಲಿನ ಜಡೆಯತ್ತ ತಿರುಗಿದ.

“ಪದಕ ಅವನ ಹತ್ರಾನೇ ಇರ್ಲಿ. ನೀವು ಪೆನ್ನು ತಗೊಳ್ಳಿ, ನನ್ನ ಹೆಸರು ಹೇಳ್ತೀನಿ.”