ಮೆತ್ತನೆಯ ದನಿ

"ಹೌದು ಸರ್, ಇವತ್ತೇ ಬರಬೇಕು ಅವರು. ಮಧ್ಯಾಹ್ನದೊಳಗೆ ಬಂದೇ ಬರ್ತಾರೆ," ಎಂದು ಹೇಳಿ ನರ್ಸ್ ಫೋನ್ ಇಟ್ಟಳು. ಎಂಥ ಮೆತ್ತನೆಯ ದನಿ! ಕೆಲಸದ ಮೇಲೆ ಬೇರೆ ಊರಿನಲ್ಲಿದ್ದಾನಂತೆ, ಹೆಂಡತಿಯ ಫೋನ್ ಸಿಗುತ್ತಿಲ್ಲವಂತೆ, ಮಗಳ ಲಸಿಕೆ ತಪ್ಪಿಹೋದೀತೆಂದು ಚಿಂತೆಯಂತೆ. ಮಕ್ಕಳ ಲಸಿಕೆ ನೆನಪಿಡುವ ಗಂಡಸರು ಎಷ್ಟು ಜನ ಸಿಗುತ್ತಾರೆ ಎಂದುಕೊಳ್ಳುತ್ತಾ ಅವಳು ಕೈಗವಸು ಹಾಕಿಕೊಂಡಳು.

ಆ ತಾಯಿ ಬರುವ ಹೊತ್ತಿಗೆ ಆರೋಗ್ಯ ಕೇಂದ್ರದ ಬೆಂಚುಗಳೆಲ್ಲ ತುಂಬಿದ್ದವು. ಸರದಿ ಬಂದಾಗ ಒಂದೂವರೆ ವರ್ಷದ ಮಗಳನ್ನು ಎದೆಗೆ ಅವಚಿಕೊಂಡು ಒಳಗೆ ಬಂದು, ಕೂತು, ಮಗುವಿನ ತೊಡೆ ಒಡ್ಡಿದಳು. ಸೂಜಿ ಚುಚ್ಚಿದ್ದೇ ತಡ, ಮಗು ಸೂರು ಹಾರಿಹೋಗುವಂತೆ ಕಿರುಚಿತು. ಹತ್ತಿ ಒತ್ತಿ ಹಿಡಿದು ನರ್ಸ್ ನಕ್ಕಳು. "ಇವಳಪ್ಪ ಫೋನ್ ಮಾಡಿದ್ರು ಕಣಮ್ಮಾ. ಎಷ್ಟು ಕಾಳಜಿ ಅವ್ರಿಗೆ!"

ತಾಯಿಯ ಮುಖ ಬಿಳಿಚಿಕೊಂಡಿತು. "ನೀವೇನು ಹೇಳಿದ್ರಿ?"

"ಇವತ್ತು ಇಲ್ಲಿಗೆ ಬರ್ತೀರಿ ಅಂತ..." ಮಾತು ಮುಗಿಯುವಷ್ಟರಲ್ಲಿ ನರ್ಸ್‌ಗೆ ತನ್ನ ನಾಲಿಗೆಯನ್ನೇ ಕಚ್ಚಿಕೊಳ್ಳಬೇಕೆನಿಸಿತು.

"ಅವನಿಗೆ ಗೊತ್ತಾಗಬಾರದು ಅಂತಾನೇ ಊರು ಬಿಟ್ಟು ಬಂದಿದ್ದೆ, ಸಿಸ್ಟರ್." ತಾಯಿ ಬೈಯಲಿಲ್ಲ, ಅಳಲೂ ಇಲ್ಲ. ಒಂದೇ ಒಂದು ಪ್ರಶ್ನೆ ಕೇಳಿದಳು. "ರೇಗಾಡ್ತಿದ್ನಾ, ಮೆತ್ತಗೆ ಮಾತಾಡಿದ್ನಾ?"

"ತುಂಬಾ ಮೆತ್ತಗೆ."

"ಹಾಗಾದ್ರೆ ಹತ್ರಾನೇ ಇದ್ದಾನೆ."

ನರ್ಸ್ ತಕ್ಷಣ ಪೊಲೀಸ್ ಠಾಣೆಗೆ ಫೋನ್ ಮಾಡಿದಳು. ಫೋನೆತ್ತಿದವನು ಆಕಳಿಸುತ್ತಾ ಕೇಳಿದ. "ಗಲಾಟೆ ಮಾಡ್ತಿದ್ದಾನಾ? ಇನ್ನೂ ಬಂದೇ ಇಲ್ವಾ? ಮತ್ತೇನಮ್ಮಾ, ಬಂದ್ಮೇಲೆ ಫೋನ್ ಮಾಡಿ." "ಬಂದ್ಮೇಲೆ ಫೋನ್ ಮಾಡೋಕೆ ಇಲ್ಲಿ ಯಾರಾದ್ರೂ ಉಳಿದಿರಬೇಕಲ್ಲಪ್ಪಾ!" ಎಂದು ಅವಳು ಕಿರುಚಿದಳು. ಆ ಕಡೆ ಏನೋ ಗುಸುಗುಸು. ಆಮೇಲೆ ಒಬ್ಬ ಹೆಂಗಸಿನ ದನಿ. "ನಾನು ಇನ್‌ಸ್ಪೆಕ್ಟರ್. ಹಿಂಬಾಗಿಲು ಇದ್ಯಾ? ಸರಿ. ಆದ್ರೆ ನೀವಾಗಿ ಹೊರಗೆ ಕಾಲಿಡಬೇಡಿ, ಅವನು ಎಲ್ಲಿ ನಿಂತಿದ್ದಾನೋ ಗೊತ್ತಿಲ್ಲ. ಎರಡೂ ಕಡೆ ಚಿಲಕ ಹಾಕ್ಕೊಳ್ಳಿ. ನಾನು ಹಿಂದಿನಿಂದ ಬಂದು ಮೂರು ಸಲ ತಟ್ತೀನಿ."

ಚಿಲಕ ಹಾಕುವ ಮೊದಲು ನರ್ಸ್ ಹೊರಗಿನ ಹಾಲ್‌ಗೆ ಬಂದಳು. ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದವರೆಲ್ಲ ತಲೆಯೆತ್ತಿದರು. "ಈಗ ಒಳಗೆ ಬಂದ್ರಲ್ಲ, ಆ ತಾಯಿ ಮಗು, ಅವರು ಇಲ್ಲಿಲ್ಲ. ಗಂಡ ಹುಡುಕ್ಕೊಂಡು ಬರ್ತಿದ್ದಾನೆ. ಕೇಳಿದ್ರೆ ಹೋದ್ರು ಅನ್ನಿ. ಜೀವದ ಪ್ರಶ್ನೆ, ದಮ್ಮಯ್ಯ." ಬಾಗಿಲ ಬಳಿ ಮೊಮ್ಮಗುವಿನೊಂದಿಗೆ ಕೂತಿದ್ದ ಅಜ್ಜಿಯೊಬ್ಬಳು ಮೂತಿ ತಿರುಗಿಸಿದಳು. "ಗಂಡ ಹೆಂಡ್ತಿ ಮಧ್ಯೆ ನಾವ್ಯಾಕಮ್ಮಾ ತಲೆ ಹಾಕ್ಬೇಕು? ಇವತ್ತು ಜಗಳ ಆಡ್ತಾರೆ, ನಾಳೆ ಒಂದಾಗ್ತಾರೆ." ವಾದ ಮಾಡಲು ಹೊತ್ತಿರಲಿಲ್ಲ. ಗೇಟಿನ ಹತ್ತಿರ ಬೈಕೊಂದು ಬಂದು ನಿಂತಿತು. ನರ್ಸ್ ಒಳಗೆ ಓಡಿ ಚಿಲಕ ಜಡಿದಳು.

ಮಗು ಇನ್ನೂ ಬಿಕ್ಕಿ ಬಿಕ್ಕಿ ಅಳುತ್ತಿತ್ತು. ತಾಯಿ ಗೋಡೆಗೆ ಒರಗಿ ಅದನ್ನು ತೂಗುತ್ತಿದ್ದಳು. ಬಾಗಿಲಿನಾಚೆ ಅದೇ ದನಿ ಕೇಳಿಸಿತು.

"ಅಜ್ಜೀ, ನನ್ನ ಹೆಂಡ್ತಿ ಮಗು ಲಸಿಕೆಗೆ ಬಂದಿರಬೇಕು, ನೋಡಿದ್ರಾ?"

ನರ್ಸ್ ಬಾಗಿಲಿಗೆ ಕಿವಿಯಿಟ್ಟಳು.

"ಬಂದಿದ್ಲಪ್ಪಾ," ಎಂದಳು ಅಜ್ಜಿ. ನರ್ಸ್ ಕಣ್ಣು ಮುಚ್ಚಿಕೊಂಡಳು. "ಚುಚ್ಚಿಸ್ಕೊಂಡು ಆಗ್ಲೇ ಹೋದ್ಲು. ಬಸ್ ಸ್ಟ್ಯಾಂಡ್ ಕಡೆ ತಿರುಗಿದ ಹಾಗಿತ್ತು."

"ಒಳಗೆ ಅಳ್ತಿರೋದು?"

"ನನ್ನ ಮಗ," ಎಂದಳು ಇನ್ನೊಬ್ಬ ಹೆಂಗಸು ತಟ್ಟನೆ. "ನಮ್ಮಕ್ಕ ಒಳಗೆ ಕರ್ಕೊಂಡು ಹೋಗಿದ್ದಾಳೆ."

ಬೂಟಿನ ಸದ್ದು ಬಾಗಿಲವರೆಗೂ ಬಂತು. ಹಿಡಿಕೆ ಒಮ್ಮೆ ತಿರುಗಿ ನಿಂತಿತು. "ಚಿನ್ನೂ," ಎಂದ ಅವನು, ಬಾಗಿಲಿಗೆ ತುಟಿ ತಾಗಿಸಿಕೊಂಡವನಂತೆ. "ಅಪ್ಪ ಬಂದಿದ್ದೀನಿ ಕಣೇ."

ಮಗುವಿನ ಬಾಯಿ ಮುಚ್ಚಲೆಂದು ನರ್ಸ್ ಕೈ ಚಾಚಿದಳು. ಆದರೆ ಮುಚ್ಚುವುದಕ್ಕೇನೂ ಇರಲಿಲ್ಲ. ಅಳು ಅರ್ಧಕ್ಕೇ ನಿಂತುಹೋಗಿತ್ತು. ಕಣ್ಣೀರು ಇಳಿಯುತ್ತಲೇ ಇತ್ತು, ಒಂದು ಬಿಕ್ಕೂ ಇಲ್ಲ. ಬಾಗಿಲನ್ನೇ ದಿಟ್ಟಿಸುತ್ತಾ ಮಗು ತನ್ನ ಪುಟ್ಟ ಅಂಗೈಯನ್ನು ತಾಯಿಯ ಬಾಯಿಯ ಮೇಲೆ ಅದುಮಿ ಹಿಡಿದಿತ್ತು.

ಒಳಗಿನ ಆ ಮೌನ ಹೊರಗೆ ತಿಳಿಯದಿರಲು ಸಾಧ್ಯವೇ ಇರಲಿಲ್ಲ. ಅಷ್ಟರಲ್ಲಿ ಹಾಲ್‌ನಲ್ಲಿ ಒಂದು ಮಗು ಚೀರಿತು, ಅದರ ಹಿಂದೆಯೇ ಇನ್ನೊಂದು, ಮತ್ತೊಂದು. ಅವಕ್ಕೇ ಹೆದರಿಕೆಯಾಯಿತೋ, ತಾಯಂದಿರು ಚಿವುಟಿದರೋ, ಇಡೀ ಕಟ್ಟಡ ಅಳುವಿನಿಂದ ತುಂಬಿಹೋಯಿತು. "ಸ್ವಲ್ಪ ದಾರಿ ಬಿಡಪ್ಪಾ, ಮಕ್ಕಳು ಬೆಚ್ಚಿಬಿದ್ದಿವೆ," ಎಂದು ಅಜ್ಜಿ ಗದರಿದಳು. ಬೂಟಿನ ಸದ್ದು ಹಿಂದಕ್ಕೆ ಸರಿಯಿತು. ಬೈಕು ಹೊರಟು, ಬಸ್ ಸ್ಟ್ಯಾಂಡಿನ ಕಡೆಗೆ ದೂರವಾಯಿತು.

ಸ್ವಲ್ಪ ಹೊತ್ತಿಗೆ ಹಿಂಬಾಗಿಲನ್ನು ಯಾರೋ ಮೂರು ಸಲ ತಟ್ಟಿದರು. ಖಾಕಿ ಬಿಟ್ಟು ಮಾಮೂಲಿ ಬಟ್ಟೆಯಲ್ಲಿ ಬಂದಿದ್ದ ಇನ್‌ಸ್ಪೆಕ್ಟರ್ ಯಾಕೆ, ಏನು ಎಂದು ಕೇಳಲಿಲ್ಲ. "ನಮ್ಮೋರಿಬ್ಬರು ಅವನ ಹಿಂದೆ ಹೋಗಿದ್ದಾರೆ. ನೀವಿಬ್ಬರೂ ಇರೋಕೆ ನಮ್ಮ ಹತ್ರ ಜಾಗ ಇದೆ, ಅದು ಯಾರಿಗೂ ಗೊತ್ತಾಗಲ್ಲ. ಬರ್ತೀಯೇನಮ್ಮಾ?"

ಬರ್ತೀನಿ ಎನ್ನಬೇಕಾದರೆ ತಾಯಿ ಮೊದಲು ಆ ಪುಟ್ಟ ಕೈಯನ್ನು ತನ್ನ ಬಾಯಿಂದ ಬಿಡಿಸಿಕೊಳ್ಳಬೇಕಾಯಿತು.