ಬುಧನ ವಕ್ರ ಬಿಡುವ ದಿನ

ಬುಧನ ವಕ್ರಗತಿ ಶುಕ್ರವಾರ ಮುಗಿಯುತ್ತದೆ ಎಂದಿತ್ತು, ಪ್ರಹ್ಲಾದರಾಯರು ಕೈಯಾರೆ ಲೆಕ್ಕ ಹಾಕಿದ ಹಾಳೆ. ಗುರುವಾರವೇ ಎಂದಿತ್ತು, ಗಚ್ಚಿಬೌಲಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸಕ್ಕಿದ್ದ ಮಗಳು ಸಂಪದಾ ಬರೆದ ಪ್ರೋಗ್ರಾಂ. ವಕ್ರ ಬಿಡುವವರೆಗೆ ಯಂತ್ರ ಕೊಳ್ಳಬಾರದೆಂಬ ರಾಯರ ಮಾತು ನಂಬಿ ಎದುರುಮನೆಯ ಗಂಗೂಬಾಯಿ ಹೊಸ ಕಂಪ್ಯೂಟರ್ ತರುವುದನ್ನು ಶುಕ್ರವಾರಕ್ಕೆ ಮುಂದೂಡಿದ್ದರು.

“ನಿಮ್ಮ ಲೆಕ್ಕ ಇನ್ನೊಮ್ಮೆ ನೋಡ್ರಿ, ಅಪ್ಪಾ,” ಎಂದಳು ಸಂಪದಾ.

ಬಾಲಾನಗರದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬೇರೆಯವರ ಅಳತೆಯಲ್ಲಿ ತಪ್ಪು ಹಿಡಿದಿದ್ದ ರಾಯರಿಗೆ ಇಂಥ ಮಾತು ಕೇಳಿ ಗೊತ್ತಿರಲಿಲ್ಲ. ಮುಖ ಗಂಟಿಕ್ಕಿಕೊಂಡೇ ಮೊದಲಿನಿಂದ ಕೂಡಿದರು. ಮೂರನೆಯ ಸಾಲಿನಲ್ಲಿ ಪೆನ್ಸಿಲ್ ನಿಂತಿತು. ಕೈಯಲ್ಲಿದ್ದ ಒಂದನ್ನು ಎರಡು ಸಲ ಕೂಡಿಸಿದ್ದರು.

ಶುಕ್ರವಾರವನ್ನು ಹೊಡೆದುಹಾಕಿ, ಎದ್ದು ಬಾಲ್ಕನಿಗೆ ಹೋದರು. ಇಡೀ ಗಲ್ಲಿಗೆ ಕೇಳುವಂತೆ ಕೂಗಿದರು: “ಗಂಗೂಬಾಯಿಯವರ, ಕಂಪ್ಯೂಟರ್ ಗುರುವಾರನ ತರ್ರಿ. ನನ್ನ ಲೆಕ್ಕ ತಪ್ಪಿತ್ತು.”

ಎದುರಿನಿಂದ “ಆತ್ರಿ” ಎಂದಷ್ಟೇ ಬಂತು. ರಾಯರು ಅಲ್ಲೇ ನಿಂತು ಮತ್ತೆ ಕೂಗಿದರು:

“ತಪ್ಪು ಯಾರು ಹಿಡದ್ರು, ಅದನ್ನ ಕೇಳ್ರಿ.”